ಮೊಳದ ಕೋಲು

ಕೋಡು ಯಾಕೆ ಸಣ್ಣದಾಗುತ್ತಿದೆ ಎಂದು ಜನ ನನ್ನನ್ನು ಕೇಳಿದಷ್ಟು ಸಲ, ಊಟಕ್ಕೆ ಏನು ಮಾಡಲಿ ಎಂದು ನನ್ನ ಹೆಂಡತಿಯೂ ಕೇಳಿಲ್ಲ. ಯಜಮಾನರು ಕೇಳುತ್ತಾರೆ, ಅವರ ಅತಿಥಿಗಳು ಕೇಳುತ್ತಾರೆ, ಅತಿಥಿಗಳ ಡ್ರೈವರುಗಳೂ ಬಿಡುವುದಿಲ್ಲ. ನಾನು ಉತ್ತರ ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ, "ಮೇವು ಬದಲಿಸಿ ನೋಡು ಡಾಕ್ಟರ್" ಎನ್ನುತ್ತಾರೆ. ಇದನ್ನು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದುಹೋಗಿದೆ.

ನಾನು ದನದ ಡಾಕ್ಟರು. ಊರು ಹಾವೇರಿ ಕಡೆ. ಈಗಿರುವುದು ಅರಬ್ಬರ ನಾಡಿನಲ್ಲಿ. ಅಲ್ ಐನ್‌ನಲ್ಲಿ ಮನೆ, ಅಲ್ಲಿಂದ ಮುಕ್ಕಾಲು ಗಂಟೆ ಮರಳಿನ ದಾರಿಯಲ್ಲಿ ಹೋದರೆ ಸಿಗುವ ಖಾಸಗಿ ತೋಟವೊಂದರಲ್ಲಿ ಕೆಲಸ. ತೋಟ ಎಂದ ಕೂಡಲೇ ಬಾಳೆ, ತೆಂಗು ನೆನೆಸಿಕೊಳ್ಳಬೇಡಿ. ಎತ್ತರದ ತಂತಿಬೇಲಿ, ಒಳಗೆ ಮರಳು, ಅಲ್ಲಲ್ಲಿ ಗಾಫ್ ಮರ, ಪೈಪಿನ ನೀರಿಗೆ ಬೆಳೆಸಿದ ಹುಲ್ಲು. ಅದರಲ್ಲಿ ಓಡಾಡಿಕೊಂಡಿರುವುದು ಕೃಷ್ಣಮೃಗದ ಹಿಂಡು. ನಮ್ಮ ಕಡೆ ಇದಕ್ಕೆ ಚಿಗರಿ ಅನ್ನುತ್ತೇವೆ. ಚಿಕ್ಕವನಿದ್ದಾಗ ಜೋಳದ ಹೊಲಕ್ಕೆ ನುಗ್ಗಿದ ಚಿಗರಿಗಳನ್ನು ಡಬ್ಬಿ ಬಾರಿಸಿ ಓಡಿಸುತ್ತಿದ್ದ ನಾನು, ಸಮುದ್ರ ದಾಟಿ ಬಂದು ಅವುಗಳಿಗೇ ಹುಲ್ಲು ಹಾಕುವ ಹಾಗಾಯಿತು. ನಮ್ಮವ್ವನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಆಕೆ ನಕ್ಕು ನಕ್ಕು ಸುಸ್ತಾಗಿ, "ಅಲ್ಲೋ, ಅವನ್ನ ಓಡಿಸಾಕ ಇಲ್ಲೇ ಕೆಲಸ ಇತ್ತಲ್ಲೋ" ಎಂದಿದ್ದಳು.

ಈ ದೇಶದಲ್ಲಿ ಕಾಡುಪ್ರಾಣಿಗೆ ಕೈ ಹಚ್ಚುವಂತಿಲ್ಲ. ಆದರೆ ನಮ್ಮವು ಬೇಲಿಯೊಳಗೇ ಹುಟ್ಟಿ ಬೆಳೆದವು, ಯಜಮಾನರ ಸ್ವಂತದವು. ಗಂಡುಗಳು ಹೆಚ್ಚಾದರೆ ಒಂದಕ್ಕೊಂದು ಇರಿದುಕೊಂಡು ಸಾಯುತ್ತವೆ, ಹೆಣ್ಣುಗಳನ್ನು ಮೇಯಲು ಬಿಡುವುದಿಲ್ಲ. ಹಾಗಾಗಿ ಪ್ರತಿ ಚಳಿಗಾಲ ಕೆಲವು ವಾರ, ಪರವಾನಗಿ ತೆಗೆದುಕೊಂಡು, ಯಜಮಾನರ ಅತಿಥಿಗಳು ಬಂದು ಒಂದಷ್ಟು ಗಂಡುಗಳನ್ನು ಹೊಡೆಯುತ್ತಾರೆ. ಇಲ್ಲಿ ಅದಕ್ಕೆ ಸೀಸನ್ ಎನ್ನುತ್ತಾರೆ. ನನಗೆ ಸೀಸನ್ ಇಷ್ಟವೂ ಇಲ್ಲ, ಅದರ ಮೇಲೆ ಸಿಟ್ಟೂ ಇಲ್ಲ. ಹಿಂಡು ಇಟ್ಟಮೇಲೆ ಯಾರಾದರೂ ಲೆಕ್ಕ ಸರಿ ಮಾಡಲೇಬೇಕು. ನನ್ನ ತಕರಾರು ಯಾವುದನ್ನು ಹೊಡೆಯುತ್ತಾರೆ ಎಂಬುದರ ಬಗ್ಗೆ ಮಾತ್ರ.

ತಕರಾರಿನ ಬೇರು ಒಂದು ಕೋಲಿನಲ್ಲಿದೆ. ಕೆಲವು ವರ್ಷಗಳ ಹಿಂದೆ ಅತಿಥಿಯೊಬ್ಬರು ಇನ್ನೂ ಮೈ ಕಪ್ಪಾಗದ, ಕಂದು ಬಣ್ಣದ ಎಳೆಯ ಗಂಡನ್ನು ಹೊಡೆದುಹಾಕಿದರು. ಯಜಮಾನರು ಅದನ್ನು ನೋಡಿ ಆ ದಿನ ಊಟ ಮಾಡಲಿಲ್ಲ. ಅವರು ವಯಸ್ಸಾದ ಮನುಷ್ಯ, ಒಳ್ಳೆಯವರು, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಮರುದಿನ ಖರ್ಜೂರದ ಗರಿಯ ದಿಂಡೊಂದನ್ನು ತರಿಸಿ, ತಮ್ಮ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದು ಕತ್ತರಿಸಿದರು. ಸರಿಯಾಗಿ ಒಂದು ಮೊಳ. ಬಿಳಿ ಬಣ್ಣ ಬಳಿಸಿ ನೀರಿನ ತೊಟ್ಟಿಯ ಪಕ್ಕದ ಕಂಬಕ್ಕೆ ಕಟ್ಟಿಸಿದರು. ನೀರು ಕುಡಿದು ತಲೆಯೆತ್ತುವ ಚಿಗರಿಯ ಕೋಡನ್ನೂ ಕೋಲನ್ನೂ ಅತಿಥಿಗಳ ಜೊತೆ ಹೋಗುವ ಗೈಡ್ ದುರ್ಬೀನಿನಲ್ಲಿ ಹೋಲಿಸಿ ನೋಡಬೇಕು. ಕೋಡು ಕೋಲು ದಾಟಿದ್ದರೆ ಹೊಡೆಯಬಹುದು, ದಾಟದಿದ್ದರೆ ಬಿಡಬೇಕು. ಎಳೆಯವು ಉಳಿಯಲಿ ಎಂಬ ಕರುಣೆಯಿಂದ ಹುಟ್ಟಿದ ನಿಯಮ ಅದು.

ಕರುಣೆಗೆ ಲೆಕ್ಕ ಬರುವುದಿಲ್ಲ. ಒಳ್ಳೆಯ ತಳಿಯ ಗಂಡಿಗೆ ಕೋಡು ಬೇಗ ಬೆಳೆಯುತ್ತದೆ. ಅದು ಇನ್ನೂ ಸರಿಯಾಗಿ ಪ್ರಾಯಕ್ಕೆ ಬರುವ ಮೊದಲೇ ಕೋಲು ದಾಟುತ್ತದೆ, ಆ ಚಳಿಗಾಲವೇ ಗುಂಡು ತಿನ್ನುತ್ತದೆ. ಜನ್ಮಪೂರ್ತಿ ಕೋಲು ಮುಟ್ಟದ ಮೊಂಡುಕೋಡಿನದು ಆರಾಮಾಗಿ ಮುದಿಯಾಗುತ್ತದೆ, ಎಲ್ಲ ಹೆಣ್ಣುಗಳಿಗೂ ಅದೇ ಗಂಡ. ಸಾಲದ್ದಕ್ಕೆ ಸೀಸನ್ ಬರುವುದು ಬೆದೆಗೆ ಮುಂಚೆ. ಒಳ್ಳೆಯದು ಒಂದು ಮರಿ ಹುಟ್ಟಿಸುವ ಮೊದಲೇ ಅದರ ಕೋಡು ಯಜಮಾನರ ಗೋಡೆಗೇರುತ್ತದೆ. ನಮ್ಮವ್ವ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಚಲೋ ಕಾಯಿಗಳನ್ನು ಬೀಜಕ್ಕೆ ತೆಗೆದಿಟ್ಟು ಉಳಿದದ್ದನ್ನು ಖಾರ ಕುಟ್ಟುತ್ತಿದ್ದಳು. ನಾವಿಲ್ಲಿ ಚಲೋ ಕಾಯಿಯನ್ನೆಲ್ಲ ಕುಟ್ಟಿ, ಮುರುಟಿದ್ದನ್ನು ಬಿತ್ತುತ್ತಿದ್ದೆವು. ಆಮೇಲೆ ಬೆಳೆ ಯಾಕೆ ಬರಲಿಲ್ಲ ಎಂದು ನನ್ನನ್ನು ಕೇಳುತ್ತಿದ್ದರು.

ಇದನ್ನು ನಾನು ಯಜಮಾನರಿಗೆ ಹೇಳದೆ ಬಿಟ್ಟಿಲ್ಲ. ಪ್ರತಿ ವರ್ಷ ಸೀಸನ್ ಮುಗಿದ ಮೇಲೆ ಅವರ ಮಜ್ಲಿಸಿಗೆ, ಅಂದರೆ ಅತಿಥಿಗಳನ್ನು ಕೂರಿಸುವ ದೊಡ್ಡ ಕೋಣೆಗೆ ಹೋಗಿ, ಅವರು ಕೊಡುವ ಅರಬ್ಬಿ ಕಾಫಿ ಗಾವಾ ಕುಡಿಯುತ್ತಾ ಹೇಳುತ್ತಿದ್ದೆ. ಯಜಮಾನರಿಗೆ ಇಲ್ಲಿ ಅರ್ಬಾಬ್ ಎನ್ನುತ್ತೇವೆ. "ಅರ್ಬಾಬ್, ಉಲ್ಟಾ ಮಾಡಿ. ಮೈ ಕಪ್ಪಾಗಿಯೂ ಕೋಡು ಕೋಲು ದಾಟದವನ್ನು ಹೊಡೆಸಿ. ದಾಟಿದವು ಇರಲಿ." ಅವರು ಸಮಾಧಾನದಿಂದ ಕೇಳಿ, ನಕ್ಕು, ನಾವಿಬ್ಬರೂ ಆಡುವ ಅರ್ಧ ಹಿಂದಿ ಅರ್ಧ ಅರಬ್ಬಿಯಲ್ಲಿ, "ಡಾಕ್ಟರ್, ಮನೆಗೆ ಬಂದ ಅತಿಥಿಗೆ ನಾನು ತಟ್ಟೆಯಲ್ಲಿ ಉಳಿದದ್ದನ್ನು ಬಡಿಸಲಾ?" ಎನ್ನುತ್ತಿದ್ದರು. ನಾನು ಖರ್ಜೂರ ತಿಂದು ಎದ್ದು ಬರುತ್ತಿದ್ದೆ.

ಒಂದು ವರ್ಷ ಮಾತ್ರ ಅವರು ಸೀಸನ್ನಿಗೆ ಮುಂಚೆಯೇ ನನ್ನನ್ನು ಕರೆಸಿದರು, ನಗಲಿಲ್ಲ. "ಮಾರ್ಚಿನಲ್ಲಿ ನಿನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತದೆ. ಬೇರೆ ತೋಟದಲ್ಲಿ ಒಬ್ಬ ಡಾಕ್ಟರ್ ಇದ್ದಾನಂತೆ, ಏನೋ ಪುಡಿ ಹಾಕಿ ಕೋಡು ಬೆಳೆಸುತ್ತಾನಂತೆ. ಹಿಂಡು ಸುಧಾರಿಸುವ ದಾರಿ ಈ ಸೀಸನ್ನಿನಲ್ಲಿ ನನಗೆ ಕಾಣಲಿ. ಇಲ್ಲದಿದ್ದರೆ ನಾನೂ ಯೋಚನೆ ಮಾಡಬೇಕಾಗುತ್ತದೆ." ಅವರು ಗದರಲಿಲ್ಲ. ಗದರಿದ್ದರೆ ನನಗೂ ಸಿಟ್ಟು ಬಂದು ಹಗುರವಾಗುತ್ತಿತ್ತು.

ಮನೆಯಲ್ಲಿ ಹೇಳಿದೆ. ಹೆಂಡತಿ ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಟೀಚರ್. ಮಗಳು ಹನ್ನೆರಡನೇ ಕ್ಲಾಸಿಗೆ ಹೋಗುವವಳಿದ್ದಳು. ಮನೆ, ವೀಸಾ ಎಲ್ಲ ನನ್ನ ಕೆಲಸಕ್ಕೇ ಕಟ್ಟಿಕೊಂಡಿದ್ದವು.

"ಅಲ್ರೀ, ಒಂದು ವರ್ಷ ಇದ್ರ ಸಾಕಿತ್ತಲ್ರೀ, ಈಕಿ ಪರೀಕ್ಷಾ ಮುಗಿಯೂತನಕ. ನಡಬರಕ ಸಾಲಿ ಬಿಡಸಿ ಎಲ್ಲಿಗೆ ಹಾಕೂದು?" ಎಂದಳು ಹೆಂಡತಿ.

ಮಗಳು ಮೊಬೈಲಿನಿಂದ ತಲೆಯೆತ್ತದೆ, "ಅಪ್ಪಾ, ಜಸ್ಟ್ ಟೆಲ್ ಹಿಮ್ ಇಟ್ಸ್ ಜೆನೆಟಿಕ್ಸ್" ಎಂದಳು.

"ಹೇಳೇನವಾ," ಎಂದೆ. "ಪ್ರತಿ ವರ್ಷಾನೂ ಹೇಳೇನಿ."

ಹಿಂಡಿನಲ್ಲಿ ಒಳ್ಳೆಯ ಗಂಡು ಎಂದು ಉಳಿದಿದ್ದದ್ದು ಒಂದೇ ಒಂದು. ತೋಟದ ಆಫೀಸು ನೋಡಿಕೊಳ್ಳುವ ಸೂಪರ್‌ವೈಸರ್ ಮಂಗಳೂರಿನವರು, ಅವರು ಅದಕ್ಕೆ ಧಣಿಗಳು ಎನ್ನುತ್ತಿದ್ದರು. ಹುಲ್ಲು ತುಂಬಿದ ಪಿಕಪ್ ಬಂದಾಗ ಮಿಕ್ಕವೆಲ್ಲ ಓಡಿ ಬರುತ್ತಿದ್ದವು. ಇದು ಮಾತ್ರ ಸಾವಕಾಶ ನಡೆದು ಬಂದು, ಉಳಿದವು ಸರಿದು ಜಾಗ ಬಿಡುವವರೆಗೆ ನಿಂತಿರುತ್ತಿತ್ತು. "ಬಂದ್ರು ನೋಡಿ ಡಾಕ್ಟ್ರೇ, ಧಣಿಗಳು. ಇನ್ನು ಊಟ ಶುರು ಮಾಡ್ಬಹುದು," ಎನ್ನುತ್ತಿದ್ದರು ಸೂಪರ್‌ವೈಸರ್. ಬುಡದಲ್ಲಿ ದಪ್ಪ, ಬಿಗಿಯಾದ ಸುರುಳಿ, ಎರಡೂ ಕೋಡು ಒಂದೇ ಸಮ. ಆ ಬೇಸಿಗೆಯಲ್ಲಿ ಮೈ ಕಪ್ಪಾಗತೊಡಗಿತು. ಅಕ್ಟೋಬರಿಗೆ ಕೋಡು ಕೋಲನ್ನು ದಾಟಿ ನಾಲ್ಕು ಬೆರಳು ಮೇಲೆ ಹೋಗಿತ್ತು. ಸೀಸನ್ನಿನ ಮೊದಲ ದಿನವೇ ಅದು ಹೋಗುವುದು ಖಾತ್ರಿಯಾಯಿತು. ಅದು ಈ ಚಳಿಗಾಲ ದಾಟಿ ಒಂದು ಬೆದೆ ಕಂಡರೆ ಹಿಂಡಿಗೆ ಮತ್ತೆ ಒಳ್ಳೆಯ ರಕ್ತ ಬರುತ್ತದೆ, ಹೋದರೆ ಇನ್ನು ಮೊಂಡುಕೋಡಿನ ಸಂತಾನವೇ. ನನ್ನ ನೌಕರಿಯೂ ಅದರ ಬೆನ್ನಿಗೇ ಹೋಗುತ್ತದೆ ಎಂದು ನನಗೆ ಅನ್ನಿಸಿಬಿಟ್ಟಿತು.

ವರ್ಷಕ್ಕೊಮ್ಮೆ ಲಸಿಕೆ ಹಾಕಲು ಎಲ್ಲವನ್ನೂ ಹಲಗೆಯ ಓಣಿಯೊಳಗೆ ನುಗ್ಗಿಸಿ, ಒಂದೊಂದನ್ನೇ ಕಟ್ಟಿಗೆಯ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಕಣ್ಣಿಗೆ ಕಪ್ಪು ಬಟ್ಟೆ ಕಟ್ಟುತ್ತೇವೆ. ಕತ್ತಲಾದ ಕೂಡಲೇ ಚಿಗರಿ ಸುಮ್ಮನಾಗುತ್ತದೆ. ಧಣಿಗಳ ಸರದಿ ಬಂದಾಗ ಕೆಲಸದವರನ್ನು ಚಹಾಕ್ಕೆ ಕಳಿಸಿದೆ. ಚೀಲದಿಂದ ತಂತಿಗರಗಸ ತೆಗೆದೆ.

ಸೂಪರ್‌ವೈಸರ್ ಕಣ್ಣು ದೊಡ್ಡದು ಮಾಡಿದರು. "ಎಂತ ಮಾಡ್ತೀರಿ ಮಾರಾಯ್ರೆ?"

"ತುದಿ ಕೊಯ್ತೀನಿ. ಐದು ಬೆರಳು. ಕೋಲಿಗಿಂತ ಕಡಿಮಿ ಆದ್ರ ಯಾರೂ ಹೊಡಿಯೂದಿಲ್ಲ."

"ನೋವಾಗುದಿಲ್ವಾ ಅದಕ್ಕೆ?"

"ತುದ್ಯಾಗ ರಕ್ತ ಇರೂದಿಲ್ರೀ. ಉಗುರು ಕತ್ತರಿಸಿದಂಗ."

"ಅರ್ಬಾಬಿಗೆ ಗೊತ್ತಾದ್ರೆ ನಿಮ್ದಲ್ಲ, ನನ್ನ ಕುತ್ತಿಗೆ ಕೊಯ್ತಾರೆ," ಎನ್ನುತ್ತಲೇ ಅವರು ಧಣಿಗಳ ತಲೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡರು. "ಬೇಗ ಮಾಡಿ. ಅವ್ರ ಚಾಯ ಮುಗೀತದೆ."

ಗರಗಸ ಎಳೆದಾಗ ಉಗುರು ಸುಟ್ಟ ವಾಸನೆ ಬಂತು. ಚಿಗರಿಯ ಎದೆ ಧಡಧಡ ಹೊಡೆದುಕೊಳ್ಳುತ್ತಿದ್ದದ್ದು ಹಲಗೆಯ ಮೂಲಕ ನನ್ನ ಮೊಣಕಾಲಿಗೆ ಗೊತ್ತಾಗುತ್ತಿತ್ತು. ತುದಿಗಳನ್ನು ಅರದಿಂದ ಉಜ್ಜಿ, ಒದ್ದೆ ಮಣ್ಣು ಸವರಿ, ದೂರದಿಂದ ಸವೆದ ಹಾಗೆ ಕಾಣುವಂತೆ ಮಾಡಿದೆ. ಬಾಗಿಲು ತೆಗೆದಾಗ ಅದು ಹಾರಿ ಹೋಗಿ, ದೂರ ನಿಂತು, ತಲೆ ಕೊಡವಿತು. ಭಾರ ಕಡಿಮೆಯಾದದ್ದು ಅದಕ್ಕೆ ಗೊತ್ತಾಗಿತ್ತೇನೋ. ಕೊಯ್ದ ತುದಿಗಳನ್ನು ಎಲ್ಲಿ ಬಿಸಾಡಬೇಕೋ ತಿಳಿಯದೆ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಹಾಕಿದೆ.

ಸೀಸನ್ ಶುರುವಾಯಿತು. ಮೊದಲ ವಾರ ನಾನು ಸರಿಯಾಗಿ ಉಂಡದ್ದಿಲ್ಲ. ಪ್ರತಿ ಗುಂಡಿನ ಸದ್ದಿಗೂ ಔಷಧಿ ಕೋಣೆಯಿಂದ ಹೊರಗೆ ಬಂದು ನಿಲ್ಲುತ್ತಿದ್ದೆ. ಧಣಿಗಳು ಮಾತ್ರ ದಿನಾ ಬೆಳಿಗ್ಗೆ ತೊಟ್ಟಿಗೆ ಬಂದು, ಕುಡಿದು, ಕೋಲಿನ ಪಕ್ಕದಲ್ಲೇ ತಲೆಯೆತ್ತಿ ನಿಂತು ಹೋಗುತ್ತಿದ್ದರು. ಗೈಡ್ ದುರ್ಬೀನು ಇಳಿಸಿ ಕೈ ಅಡ್ಡಡ್ಡ ಆಡಿಸುತ್ತಿದ್ದ. ಕಡಿಮೆ, ಬೇಡ. ಸೂಪರ್‌ವೈಸರ್ ನನಗೆ ದಿನಾ ಫೋನು ಮಾಡಿ ಒಂದೇ ಮಾತು ಹೇಳುತ್ತಿದ್ದರು: "ಧಣಿಗಳು ಆರಾಮ." ಬಹಳ ವರ್ಷಗಳ ಮೇಲೆ ನನಗೆ ನನ್ನ ಕೆಲಸದ ಬಗ್ಗೆ ಖುಷಿಯಾಗಿತ್ತು. ಹಾಗೆ ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಹೌದು.

ಆ ಖುಷಿಯೇ ನನಗೆ ಬಾಯಿ ಕೊಟ್ಟಿತು. ಎರಡನೇ ವಾರ ಅತಿಥಿಗಳು ಬೇಸರ ಮಾಡಿಕೊಂಡರು. ಕೋಲು ದಾಟಿದ ಗಂಡೇ ಸಿಗುತ್ತಿಲ್ಲ ಎಂದು ಗೊಣಗಿದರು. ಯಜಮಾನರು ನನ್ನನ್ನು ಮಜ್ಲಿಸಿಗೆ ಕರೆಸಿದರು. ಈ ಸಲ ನಾನು ಕೂರಲಿಲ್ಲ. ಅವರನ್ನು ಎಬ್ಬಿಸಿಕೊಂಡು ಗೋಡೆಯ ಮುಂದೆ ನಿಲ್ಲಿಸಿದೆ. ಅಲ್ಲಿ ಒಂದೊಂದು ಸೀಸನ್ನಿನ ಒಳ್ಳೆಯ ಕೋಡುಗಳನ್ನು, ಬುಡ ಒಂದೇ ಮಟ್ಟಕ್ಕೆ ಬರುವಂತೆ, ಸಾಲಾಗಿ ತೂಗುಹಾಕಿದ್ದಾರೆ. ಎಡಗಡೆ ಹಳೆಯವು, ಬಲಗಡೆ ಹೊಸವು. ದಿನಾ ಅದರ ಕೆಳಗೇ ಕೂತು ಗಾವಾ ಕುಡಿಯುವವರಿಗೆ ಅದು ಎಂದೂ ಕಂಡಿರಲಿಲ್ಲ.

"ಎಡಗಡೆಯಿಂದ ನೋಡುತ್ತಾ ಬನ್ನಿ ಅರ್ಬಾಬ್," ಎಂದೆ.

ಅವರು ಎಡತುದಿಗೆ ಹೋಗಿ ಅಲ್ಲಿಂದ ಒಂದೊಂದು ಕೋಡಿನ ಮೊನೆಯನ್ನೂ ಮುಟ್ಟುತ್ತಾ ಬಂದರು. ಮೊದಮೊದಲು ಕೈ ತಲೆಯ ಮೇಲಕ್ಕೆ ಹೋಗಬೇಕಾಗಿತ್ತು. ಬಲತುದಿಗೆ ಬಂದಾಗ ಕೈ ಅವರ ಗಡ್ಡದ ಎತ್ತರಕ್ಕೆ ಇಳಿದಿತ್ತು. ಮೇವು ಒಂದೇ, ನೀರು ಒಂದೇ, ಡಾಕ್ಟರೂ ಒಬ್ಬನೇ, ಬದಲಾದದ್ದು ಕೋಲು ಬಂದ ಮೇಲೆ ಎಂದು ನಾನು ಹೇಳಿದೆ. ಮೈ ಕಪ್ಪಾದರೂ ಕೋಲು ದಾಟದವನ್ನು ತೆಗೆಸಿ ಎಂದು ಮತ್ತೆ ಅದೇ ಮಾತು ಹೇಳಿದೆ. ಅವರು ಬಲತುದಿಯ ಕೋಡಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು. ಅವರು ಹೀಗೆ ಸುಮ್ಮನಾದಾಗಲೆಲ್ಲ ಏನೂ ಆಗುವುದಿಲ್ಲ ಎಂದು ನನಗೆ ಅನುಭವವಿತ್ತು. ಗೋಡೆಗೆ ಹೇಳಿದ ಹಾಗೆಯೇ ಆಯಿತು ಎಂದುಕೊಂಡು ಮನೆಗೆ ಬಂದೆ.

ಎರಡು ದಿನ ಕಳೆದು ರಜೆಯ ಬೆಳಿಗ್ಗೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಸೂಪರ್‌ವೈಸರ್ ಫೋನು ಬಂತು.

"ಡಾಕ್ಟ್ರೇ, ನೀವು ಗೆದ್ರಿ ಮಾರಾಯ್ರೆ! ಅರ್ಬಾಬ್ ನಿಮ್ಮ ಮಾತು ಕೇಳಿದ್ರು. ರೂಲ್ ಫುಲ್ ಉಲ್ಟಾ. ಕಪ್ಪಾಗಿ ಕೋಲು ದಾಟದ್ದನ್ನೇ ಹೊಡೀಬೇಕಂತೆ, ದಾಟಿದ್ದನ್ನು ಮುಟ್ಲಿಕ್ಕಿಲ್ಲ. ನಂಗೆ ಈಗಷ್ಟೇ ಗೊತ್ತಾದದ್ದು. ಇವತ್ತಿಂದಲೇ ಅಂತೆ, ಪಾರ್ಟಿ ಆಗಲೇ ತೊಟ್ಟಿ ಹತ್ರ ಹೋಗಿ ಆಯ್ತು."

ಖುಷಿಯಿಂದ ಎದೆ ಉಬ್ಬಿತು. ಎಷ್ಟು ವರ್ಷ ಬಡಕೊಂಡಿದ್ದೆ! ಹೆಂಡತಿಗೆ ಹೇಳಬೇಕೆಂದು ಬಾಯಿ ತೆರೆದೆ.

"ಡಾಕ್ಟ್ರೇ..." ಎಂದರು ಸೂಪರ್‌ವೈಸರ್, ದನಿ ಇಳಿದುಹೋಗಿತ್ತು. "ನಮ್ಮ ಧಣಿಗಳು?"

ಮೈ ಕಪ್ಪು. ಕೋಡು ಕೋಲಿಗಿಂತ ಕಡಿಮೆ. ಹೊಸ ನಿಯಮಕ್ಕೆ ಹೊಂದುವ ಗಂಡುಗಳಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದು. ಹಾಗೆ ಹೊಂದಿಸಿ ಇಟ್ಟವನೂ ನಾನೇ.

"ಗೈಡಿಗೆ ಫೋನ್ ಮಾಡ್ರೀ!"

"ಆಫ್ ಉಂಟು. ಒಳಗೆ ಹೋದ ಮೇಲೆ ಎಲ್ರದ್ದೂ ಆಫ್ ಅಲ್ವಾ, ಸದ್ದಾಗ್ತದೆ ಅಂತ. ಅರ್ಬಾಬ್‌ದೂ ಆಫ್. ನಾನೂ ರಜೆ ಅಂತ ಪೇಟೆ ಮನೆಯಲ್ಲೇ ಇದ್ದೇನೆ, ಗಾಡಿ ತಗೊಂಡು ಹೊರಡ್ತೇನೆ, ನೀವು ಬನ್ನಿ."

ಹೆಂಡತಿ ಹಿಂದಿನಿಂದ, "ಏನಾತ್ರೀ, ರೊಟ್ಟಿ ತಿಂದು ಹೋಗ್ರಿ" ಎಂದು ಕೂಗಿದ್ದು ಕೇಳಿಸಿತು. ಚಪ್ಪಲಿಯಲ್ಲೇ ಓಡಿದೆ. ಆ ಮರಳು ದಾರಿಯಲ್ಲಿ ನಾನು ಎಂದೂ ಅಷ್ಟು ಜೋರಾಗಿ ಕಾರು ಓಡಿಸಿಲ್ಲ. ಪ್ರತಿ ಉಬ್ಬಿಗೂ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಆ ಎರಡು ತುದಿಗಳು ಗಡಗಡ ಎನ್ನುತ್ತಿದ್ದವು. ಸಿಕ್ಕಿದ ಕೂಡಲೇ ಎಲ್ಲ ಹೇಳಿಬಿಡುತ್ತೇನೆ, ಅದು ಮೊಂಡುಕೋಡಿನದಲ್ಲ ಅರ್ಬಾಬ್, ಕೊಯ್ದದ್ದು ನಾನು, ಬೇಕಾದರೆ ಇವತ್ತೇ ಮನೆಗೆ ಕಳಿಸಿ ಎನ್ನುತ್ತೇನೆ ಎಂದು ಬಾಯಲ್ಲೇ ಅಭ್ಯಾಸ ಮಾಡಿಕೊಂಡೆ. ಮಗಳ ಪರೀಕ್ಷೆಯ ನೆನಪೂ ಬಂತು. ಆದರೂ ಹೇಳುವವನೇ ಇದ್ದೆ, ದೇವರಾಣೆ.

ಗೇಟಿನಲ್ಲಿ ಕಾರು ನಿಲ್ಲಿಸಿದಾಗ ಒಂದು ಗುಂಡಿನ ಸದ್ದು ಕೇಳಿಸಿತು.

ಹೋಗುವಷ್ಟರಲ್ಲಿ ಧಣಿಗಳು ತೊಟ್ಟಿಯಿಂದ ಸ್ವಲ್ಪ ದೂರದಲ್ಲಿ, ಕಾಲು ಮಡಚಿಕೊಂಡು, ಮಲಗಿದ ಹಾಗೆಯೇ ಬಿದ್ದಿದ್ದರು. ಗುಂಡು ಸರಿಯಾದ ಜಾಗಕ್ಕೇ ಬಿದ್ದಿತ್ತು. ಸೂಪರ್‌ವೈಸರ್ ನನಗಿಂತ ಸ್ವಲ್ಪ ಮೊದಲು ಬಂದಿದ್ದರೂ ತಡವಾಗಿತ್ತು. ಗಾಡಿಗೆ ಒರಗಿ, ನನ್ನ ಮುಖ ನೋಡದೆ ನಿಂತಿದ್ದರು. ಹೊಡೆದ ಅತಿಥಿ ಬಿಳಿಗಡ್ಡದ, ಮೆತ್ತಗಿನ ಮನುಷ್ಯ. ಗೈಡ್ ಕಂಬದಿಂದ ಕೋಲು ಬಿಚ್ಚಿ ತಂದು ಕೋಡಿನ ಪಕ್ಕ ಹಿಡಿದ. ಕಡಿಮೆಯೇ. "ಸರಿಯಾಗಿದೆ, ನಿಯಮದ ಪ್ರಕಾರವೇ ಇದೆ," ಎಂದು ಅತಿಥಿ ನನಗೆ ಹೇಳಿದರು. ಪಾಪ, ಅವರಿಗೆ ನಾನು ಪರೀಕ್ಷೆ ಮಾಡಲು ಬಂದವನ ಹಾಗೆ ಕಂಡಿರಬೇಕು.

ಯಜಮಾನರು ಜೀಪಿನಿಂದ ಇಳಿದು ನೇರ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡು ಅಭಿನಂದಿಸಿದರು. "ಮಬ್ರೂಕ್ ಡಾಕ್ಟರ್. ಗೋಡೆಯ ಮುಂದೆ ನನಗೆ ಬುದ್ಧಿ ಬಂತು. ಇನ್ನು ನಮ್ಮ ಹಿಂಡು ಸುಧಾರಿಸುತ್ತದೆ. ನಿನ್ನ ಕಾಂಟ್ರ್ಯಾಕ್ಟಿಗೆ ನಿನ್ನೆಯೇ ಸಹಿ ಹಾಕಿದ್ದೇನೆ."

ನಾನು ಬಾಯಿ ತೆರೆದೆ. ಈಗ ಹೇಳಿದರೆ ಧಣಿಗಳು ಎದ್ದು ಬರುತ್ತಾರೆಯೇ?

ಅವರು ಬಗ್ಗಿ ಧಣಿಗಳ ಕೋಡು ಹಿಡಿದರು. ಬುಡದ ದಪ್ಪವನ್ನು ಮುಷ್ಟಿಯಲ್ಲಿ ಅಳೆದರು. ಕೈ ಮೇಲಕ್ಕೆ ಬಂತು, ಸುರುಳಿ ಸುರುಳಿಯಾಗಿ, ತುದಿಯವರೆಗೆ. ಅಲ್ಲಿ ಹೆಬ್ಬೆರಳು ನಿಂತುಬಿಟ್ಟಿತು. ಮಣ್ಣು ಉದುರಿಹೋಗಿ ಕೊಯ್ದ ಜಾಗ ನಾಣ್ಯದ ಮುಖದ ಹಾಗೆ ಚಪ್ಪಟೆಯಾಗಿ ಕಾಣುತ್ತಿತ್ತು. ಅವರು ಹೆಬ್ಬೆರಳನ್ನು ಅದರ ಮೇಲೆ ಒಮ್ಮೆ ಉಜ್ಜಿದರು, ಇನ್ನೊಂದು ಕೋಡಿನ ತುದಿಯನ್ನೂ ಉಜ್ಜಿ ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ, ಅಷ್ಟಾದರೂ ಮಾಡಿದೆ. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಎಳೆಯದನ್ನು ಹೊಡೆದ ದಿನ ಊಟ ಬಿಟ್ಟಿದ್ದರಲ್ಲ, ಆಗಿನ ಮುಖವೇ ಮತ್ತೆ ಬಂದಿತ್ತು.

"ಖಲಾಸ್," ಎಂದರು ಮೆಲ್ಲಗೆ. ಗೈಡಿನ ಕೈಯಿಂದ ಕೋಲು ತೆಗೆದುಕೊಂಡು ನನ್ನ ಕೈಗೆ ಕೊಟ್ಟು, ಅತಿಥಿಯ ಹೆಗಲ ಮೇಲೆ ಕೈ ಹಾಕಿಕೊಂಡು ಜೀಪಿನ ಕಡೆ ನಡೆದರು. ಆ ವಿಷಯ ಅವರು ಎಂದೂ ಎತ್ತಲಿಲ್ಲ. ಬೆದೆಗೆ ಇನ್ನೂ ಸ್ವಲ್ಪ ದಿನ ಇತ್ತು.

ಸೂಪರ್‌ವೈಸರ್ ಹತ್ತಿರ ಬಂದು, "ಎಂತ ಹೇಳುದು ಡಾಕ್ಟ್ರೇ," ಎಂದರು. ಅವರ ಕಣ್ಣು ಕೆಂಪಗಾಗಿತ್ತು. ನಾವಿಬ್ಬರೂ ಸೇರಿ ಧಣಿಗಳನ್ನು ಎತ್ತಿ ಪಿಕಪ್ಪಿನಲ್ಲಿ ಮಲಗಿಸಿದೆವು.

ಮನೆಗೆ ಬರುವಾಗ ಮಧ್ಯಾಹ್ನ ದಾಟಿತ್ತು. ರೊಟ್ಟಿ ಡಬ್ಬಿಯಲ್ಲಿತ್ತು, ಎಣ್ಣೆಗಾಯಿ ಪಲ್ಯ ಮುಚ್ಚಿಟ್ಟಿದ್ದಳು. ನಾನು ಕೈ ತೊಳೆಯದೆ ಕುರ್ಚಿಯ ಮೇಲೆ ಕೂತೆ. ಕೋಲನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಹೆಂಡತಿ ನೀರು ತಂದು ಕೊಟ್ಟು ಎದುರಿಗೆ ನಿಂತಳು.

"ರಿನ್ಯೂವಲ್ಲಿಂದು ಏನರೆ ಹೇಳಿದ್ರೇನ್ರೀ?"

"ಆತು. ಸಹಿ ಹಾಕ್ಯಾರ."

"ಅಯ್ಯ, ದೇವ್ರು ದೊಡ್ಡವ!" ಎಂದು ಕೈ ಮುಗಿದಳು. ಆಮೇಲೆ ನನ್ನನ್ನು ನೋಡಿದಳು. "ಮತ್ಯಾಕ ಮಾರಿ ಹಿಂಗ ಮಾಡ್ಕೊಂಡು ಕುಂತೀರಿ? ಏನಂದ್ರು ಅವ್ರು?"

"ಏನೂ ಅನಲಿಲ್ಲ," ಎಂದೆ. "ನನ್ನ ಮಾತ ಕೇಳಿದ್ರು."